ಮಳೆಗಾಲಕ್ಕೂ ಒಗ್ಗುವ ಎಡಿಟರ್: ವೆಬ್‌ಸೈಟ್ ಕಲಿಯುವ ಹೊಸಬರಿಗೆ ವಿಎಸ್ ಕೋಡ್

ಮಲೆನಾಡಿನ ಒಳಊರಿನಲ್ಲಿ ಕೂತು ವೆಬ್‌ಸೈಟ್ ಮಾಡಲು ಕಲಿಯುವವರ ಮುಂದೆ ಎರಡು ದಾರಿಗಳಿವೆ. ಬ್ರೌಸರ್ ತೆರೆದು ಅದರೊಳಗೇ ಕೋಡ್ ಬರೆಯುವ ಆನ್‌ಲೈನ್ ಪಾಠಗಳು ಒಂದು. ಕಂಪ್ಯೂಟರಿಗೆ ಎಡಿಟರ್, ಅಂದರೆ ಕೋಡ್ ಬರೆಯುವ ತಂತ್ರಾಂಶ, ಹಾಕಿಕೊಂಡು, ಸ್ವಂತ ಫೋಲ್ಡರಿನಲ್ಲಿ ಫೈಲ್ ಮಾಡಿ ಕಲಿಯುವುದು ಇನ್ನೊಂದು. ಶುರು ಮಾಡುವುದಕ್ಕೆ ಮೊದಲನೆಯದು ಸುಲಭ. ಆದರೆ ಆರಿದ್ರಾ, ಪುನರ್ವಸು ಮಳೆ ಹಿಡಿದು, ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರೂ ಹೋಯಿತೆಂದರೆ ಆ ಪಾಠ ಅಲ್ಲಿಗೇ ನಿಂತಿತು. ಅದಕ್ಕೇ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಹೊಸಬರಿಗೆ ನಾವು ಹೇಳುವುದು ಎರಡನೆಯ ದಾರಿ, ಅದರಲ್ಲೂ ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ (ಪೂರ್ಣ ಹೆಸರು ವಿಷುಯಲ್ ಸ್ಟುಡಿಯೊ ಕೋಡ್). 2015ರಲ್ಲಿ ಬಂದ ಉಚಿತ ಎಡಿಟರ್ ಇದು. ಒಮ್ಮೆ ಹಾಕಿಕೊಂಡರೆ ಎಚ್‌ಟಿಎಂಎಲ್, ಸಿಎಸ್‌ಎಸ್ ಬರೆಯಲು ನೆಟ್ ಬೇಡ; ಮೊದಲನೆಯದು ಪುಟದ ರಚನೆ ಹೇಳುವ ಭಾಷೆ, ಎರಡನೆಯದು ಅದರ ಅಂದ ಹೇಳುವುದು. ಕನ್ನಡದ ಪುಟ ಮಾಡುವವರಿಗೆ ಮಾತ್ರ ಒಂದೆರಡು ಕಡೆ ಎಡವುವ ಕಲ್ಲುಗಳಿವೆ. ಅವುಗಳ ಬಗ್ಗೆ ಪಾಠದ ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಎಂಥ ಕಂಪ್ಯೂಟರ್ ಬೇಕು? ತಯಾರಕರು ಹೇಳುವ ಅಳತೆ 1.6 ಗಿಗಾಹರ್ಟ್ಸ್ ಪ್ರೊಸೆಸರ್, 1 ಜಿಬಿ ರ‍್ಯಾಮ್. ಡೌನ್‌ಲೋಡ್ 200 ಎಂಬಿ ಒಳಗೆ, ಡಿಸ್ಕಿನಲ್ಲಿ ಹಿಡಿಯುವ ಜಾಗ 500 ಎಂಬಿ ಒಳಗೆ. ಆದರೆ 1 ಜಿಬಿಯಲ್ಲಿ ಎಡಿಟರ್ ಮಾತ್ರ ಓಡೀತು, ಪಕ್ಕದಲ್ಲಿ ಕ್ರೋಮ್ ತೆರೆದರೆ ಮೆಷಿನ್ ತೆವಳುತ್ತದೆ. 4 ಜಿಬಿ ಇರುವ ಹಳೆ ಲ್ಯಾಪ್‌ಟಾಪ್ ಸಿಕ್ಕರೆ ಕಲಿಕೆಗೆ ಸಾಕು. ವಿಂಡೋಸ್ 7 ಇರುವ ಮೆಷಿನ್ನಿಗೆ ಹೊಸ ಆವೃತ್ತಿ ಬರುವುದಿಲ್ಲ. 2022ರಲ್ಲೇ ಅದಕ್ಕೆ ಬೆಂಬಲ ನಿಂತಿದೆ, ವಿಂಡೋಸ್ 8ಕ್ಕೆ 2023ರಲ್ಲಿ. ಅಂಥ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದರ ಮೇಲೆ ವಿಎಸ್ ಕೋಡ್ ಹಾಕುವುದು ಒಳ್ಳೆಯ ಉಪಾಯ.

ಡೌನ್‌ಲೋಡ್ ಮಾಡುವಾಗಲೇ ಹಲವರು ತಪ್ಪುತ್ತಾರೆ. ‘ವಿಷುಯಲ್ ಸ್ಟುಡಿಯೊ’ ಬೇರೆ, ‘ವಿಷುಯಲ್ ಸ್ಟುಡಿಯೊ ಕೋಡ್’ ಬೇರೆ. ನೇರಳೆ ಬಣ್ಣದ ಗುರುತು ಇರುವುದು ಮೊದಲನೆಯದು. ಹಲವು ಜಿಬಿ ತಿನ್ನುತ್ತದೆ, ಈ ಕೆಲಸಕ್ಕೆ ಬೇಕಿಲ್ಲ. ನಮಗೆ ಬೇಕಾದದ್ದು ನೀಲಿ ಗುರುತಿನದು. ವಿಂಡೋಸ್‌ನಲ್ಲಿ ‘ಯೂಸರ್ ಇನ್‌ಸ್ಟಾಲರ್’ ಆರಿಸಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳುವುದಿಲ್ಲ, ಹಾಗಾಗಿ ಬೇರೆಯವರು ನೋಡಿಕೊಳ್ಳುವ ಮೆಷಿನ್ನಿನಲ್ಲೂ ಹಾಕಿಕೊಳ್ಳಬಹುದು. ಹಾಕುವಾಗ ‘ಓಪನ್ ವಿತ್ ಕೋಡ್’ ಎಂಬ ಎರಡು ಚೌಕಗಳಿಗೂ ಟಿಕ್ ಹಾಕಿ; ಆಮೇಲೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ನೇರ ತೆರೆಯಬಹುದು.

ಹೊಸ ಆವೃತ್ತಿಗಳು ತಾವಾಗಿಯೇ ಡೌನ್‌ಲೋಡ್ ಆಗುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರ ದಿನದ ಡೇಟಾದಲ್ಲಿ ಇದು ದೊಡ್ಡ ಪಾಲು. ಸೆಟ್ಟಿಂಗ್ಸ್ ತೆರೆದು ‘ಅಪ್‌ಡೇಟ್ ಮೋಡ್’ ಎಂದು ಹುಡುಕಿ ‘ಮ್ಯಾನ್ಯುಯಲ್’ ಮಾಡಿಟ್ಟುಕೊಳ್ಳಿ. ಪೇಟೆಗೆ ಹೋದಾಗ, ಒಳ್ಳೆ ವೈಫೈ ಸಿಕ್ಕಾಗ ಅಪ್‌ಡೇಟ್ ಮಾಡಿದರಾಯಿತು.

ಈಗ ಕೆಲಸಕ್ಕೆ. ಮೊದಲು ಒಂದು ಖಾಲಿ ಫೋಲ್ಡರ್ ಮಾಡಿ, ‘ಓಪನ್ ಫೋಲ್ಡರ್’ ಮೂಲಕ ತೆರೆಯಿರಿ. ಬಿಡಿ ಫೈಲ್ ತೆರೆಯಬೇಡಿ. ಫೋಲ್ಡರ್ ತೆರೆಯದಿದ್ದರೆ ಮುಂದೆ ಪುಟವನ್ನು ಬ್ರೌಸರಿನಲ್ಲಿ ತೋರಿಸುವ ಲೈವ್ ಸರ್ವರ್ ಎಂಬ ಸೌಲಭ್ಯ ಮುನಿಸಿಕೊಳ್ಳುತ್ತದೆ. ತೆರೆದ ಕೂಡಲೇ, ಈ ಫೈಲುಗಳನ್ನು ಬರೆದವರನ್ನು ನಂಬುತ್ತೀರಾ ಎಂದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೆದರಿ ‘ನೋ’ ಒತ್ತಿದವರಿಗೆ ಕನ್ನಡದ ಮಟ್ಟಿಗೆ ವಿಚಿತ್ರ ತೊಂದರೆ ಕಾದಿರುತ್ತದೆ. ನಂಬಿಕೆಯಿಲ್ಲದ ಫೋಲ್ಡರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲದ ಎಲ್ಲವನ್ನೂ ವಿಎಸ್ ಕೋಡ್ ಅನುಮಾನದಿಂದ ನೋಡಿ, ಸುತ್ತ ಹಳದಿ ಚೌಕ ಹಾಕುತ್ತದೆ. ಕೋಡಿನಲ್ಲಿ ಕಣ್ಣಿಗೆ ಕಾಣದ ಅಕ್ಷರ ಸೇರಿಸಿ ಮೋಸ ಮಾಡುವವರನ್ನು ಹಿಡಿಯಲೆಂದು ಮಾಡಿದ ವ್ಯವಸ್ಥೆ ಅದು. ಆದರೆ ಕನ್ನಡ ಬರೆಯುವವರಿಗೆ ಇಡೀ ಪುಟ ಚೌಕಗಳಿಂದ ತುಂಬಿ, ತಾನೇನೋ ತಪ್ಪು ಮಾಡಿದೆ ಎನ್ನಿಸಿಬಿಡುತ್ತದೆ. ತಪ್ಪು ನಿಮ್ಮದಲ್ಲ. ನೀವೇ ಮಾಡಿದ ಫೋಲ್ಡರಿಗೆ ‘ಯೆಸ್’ ಹೇಳಿ. ಮೊದಲೇ ‘ನೋ’ ಒತ್ತಿದ್ದರೆ ಕೆಳಗಿನ ಪಟ್ಟಿಯಲ್ಲಿ ಕಾಣುವ ‘ರಿಸ್ಟ್ರಿಕ್ಟೆಡ್ ಮೋಡ್’ ಒತ್ತಿ ‘ಟ್ರಸ್ಟ್’ ಕೊಡಿ.

ಮೊದಲ ಫೈಲಿನ ಹೆಸರು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಕೊನೆಯ ಡಾಟ್ ಎಚ್‌ಟಿಎಂಎಲ್ ಇಲ್ಲದೆ ಎಡಿಟರಿಗೆ ಇದು ಯಾವ ಭಾಷೆಯೆಂದೇ ಗೊತ್ತಾಗದು, ಸಲಹೆಯೂ ಬಾರದು. ಖಾಲಿ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ (!) ಹಾಕಿ ಟ್ಯಾಬ್ ಒತ್ತಿದರೆ ಪುಟದ ಅಸ್ಥಿಪಂಜರ ಒಮ್ಮೆಗೇ ಬಂದು ಕೂರುತ್ತದೆ. ಎಮ್ಮೆಟ್ ಎನ್ನುವ ಈ ಸೌಲಭ್ಯ ವಿಎಸ್ ಕೋಡಿನೊಳಗೇ ಇದೆ, ಬೇರೆ ಹಾಕಬೇಕಿಲ್ಲ. ಹೊಸಬರಿಗೆ ಈ ಎಡಿಟರನ್ನು ಕೊಡಲು ಇದೊಂದೇ ಕಾರಣ ಸಾಕು ಎನ್ನುವಷ್ಟು ಉಪಯುಕ್ತ.

ಆ ಅಸ್ಥಿಪಂಜರದಲ್ಲಿ ಮೂರು ಸಾಲುಗಳನ್ನು ನಿಂತು ನೋಡಬೇಕು. ಭಾಷೆ ಹೇಳುವ ‘ಲ್ಯಾಂಗ್’ನಲ್ಲಿ ಇಂಗ್ಲಿಷ್ ಎಂದಿರುತ್ತದೆ, ಕನ್ನಡದ ಪುಟವಾದರೆ ಅದನ್ನು ‘ಕೆಎನ್’ ಎಂದು ಬದಲಿಸಿ. ಹಾಗೆ ಬಿಟ್ಟರೆ, ಪುಟವನ್ನು ಓದಿ ಹೇಳುವ ತಂತ್ರಾಂಶ ಇದನ್ನು ಇಂಗ್ಲಿಷ್ ಎಂದುಕೊಂಡು ಓದಲು ಹೊರಡಬಹುದು. ಕನ್ನಡ ಪುಟಕ್ಕೇ ಕನ್ನಡಕ್ಕೆ ಅನುವಾದ ಬೇಕೆ ಎಂದು ಬ್ರೌಸರ್ ಕೇಳಲೂಬಹುದು. ಎರಡನೆಯದು ‘ಚಾರ್‌ಸೆಟ್ ಯುಟಿಎಫ್-8’. ಇದನ್ನು ಅಳಿಸಿದರೆ ಕನ್ನಡ ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುವ ಅಪಾಯವಿದೆ. ಮೂರನೆಯದು ‘ವ್ಯೂಪೋರ್ಟ್’. ಅದಿಲ್ಲದಿದ್ದರೆ ಮೊಬೈಲು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ತಿಳಿದು ಕುಗ್ಗಿಸಿ ತೋರಿಸುತ್ತದೆ, ಅಕ್ಷರ ಸಾಸಿವೆ ಕಾಳಾಗುತ್ತದೆ.

ಎಮ್ಮೆಟ್‌ನ ಬಲ ಗೊತ್ತಾಗುವುದು ಕೋಷ್ಟಕ ಮಾಡುವಾಗ. ಅಡಿಕೆ ಧಾರಣೆಯ ಒಂದು ಪುಟ ಎಂದುಕೊಳ್ಳಿ: ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಸಾಲು, ಮೇಲೊಂದು ತಲೆಬರಹದ ಸಾಲು, ಪ್ರತಿ ಸಾಲಿನಲ್ಲಿ ಬಗೆ, ಕನಿಷ್ಠ, ಗರಿಷ್ಠ ಎಂದು ಮೂರು ಮನೆ. ಇಂಗ್ಲಿಷ್ ಅಕ್ಷರದಲ್ಲಿ ‘ಟೇಬಲ್>ಟಿಆರ್*5>ಟಿಡಿ*3’ ಎಂದು ಒಂದೇ ಸಾಲು ಬರೆದು ಟ್ಯಾಬ್ ಒತ್ತಿದರೆ ಹದಿನೈದು ಮನೆಗಳೂ ಸಿದ್ಧ. ಟ್ಯಾಬ್ ಒತ್ತುತ್ತಾ ಒಂದೊಂದಾಗಿ ತುಂಬುತ್ತಾ ಹೋಗಬಹುದು. ಆದರೆ ಮೊದಲ ವಾರ ಕೈಯಿಂದಲೇ ಬರೆಯಿರಿ. ತೆರೆದ ಟ್ಯಾಗು (ಪುಟದ ಒಂದೊಂದು ಭಾಗದ ಆರಂಭ, ಕೊನೆ ಗುರುತಿಸುವ ಸಂಕೇತ) ಎಲ್ಲಿ ಮುಚ್ಚಬೇಕು ಎನ್ನುವುದು ಬೆರಳಿಗೆ ಹತ್ತದೆ ಎಮ್ಮೆಟ್ ಹಿಡಿದವರು, ಕೋಷ್ಟಕ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕಲಾರರು.

ಈ ಹುಡುಕಾಟದಲ್ಲೇ ವಿಎಸ್ ಕೋಡಿನ ದೊಡ್ಡ ಕೊರತೆ ಇರುವುದು. ಸಿಎಸ್‌ಎಸ್‌ನಲ್ಲಿ ತಪ್ಪಾದರೆ ಅದು ಕೆಳಗೆ ಗೆರೆ ಎಳೆದು ತೋರಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಮುಚ್ಚದೆ ಬಿಟ್ಟ ‘ಡಿವ್’ ಇದ್ದರೆ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಬ್ರೌಸರೂ ತನಗೆ ತೋಚಿದಂತೆ ಸರಿಮಾಡಿಕೊಂಡು ಪುಟ ತೋರಿಸುತ್ತದೆ. ಎರಡೂ ಸುಮ್ಮನಿದ್ದು, ಪುಟದ ಕೆಳಭಾಗ ಮಾತ್ರ ಸೊಟ್ಟಗಾಗಿರುತ್ತದೆ. ಇದಕ್ಕೆ ಮೂರು ಮದ್ದು ಇವೆ. ವಿಂಡೋಸ್‌ನಲ್ಲಿ ಶಿಫ್ಟ್, ಆಲ್ಟ್, ಎಫ್ ಒಟ್ಟಿಗೆ ಒತ್ತಿದರೆ ಇಡೀ ಫೈಲು ಅಂಚು ಸರಿಮಾಡಿಕೊಂಡು ನಿಲ್ಲುತ್ತದೆ. ಪುಟದ ಕೆಳಭಾಗದ ಟ್ಯಾಗುಗಳು ಇರಬೇಕಾದ್ದಕ್ಕಿಂತ ಒಳಗೆ ಸರಿದು ನಿಂತಿದ್ದರೆ ಮೇಲೆಲ್ಲೋ ಒಂದು ಟ್ಯಾಗು ಮುಚ್ಚಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಎಡಿಟಿಂಗ್’ ಆನ್ ಮಾಡಿಕೊಂಡರೆ ತೆರೆಯುವ ಟ್ಯಾಗಿನ ಹೆಸರು ಬದಲಿಸಿದಾಗ ಮುಚ್ಚುವ ಟ್ಯಾಗೂ ಜೊತೆಗೇ ಬದಲಾಗುತ್ತದೆ. ಮೊದಲಿಗೆ ಅದು ಆಫ್ ಆಗಿರುತ್ತದೆ. ನೆಟ್ ಇದ್ದಾಗ, ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಉಚಿತ ವ್ಯಾಲಿಡೇಟರಿಗೆ ಫೈಲು ಕೊಟ್ಟರೆ ಸಾಲಿನ ಸಂಖ್ಯೆ ಸಮೇತ ತಪ್ಪು ಹೇಳುತ್ತದೆ.

ಕನ್ನಡ ಟೈಪಿಂಗ್ ವಿಷಯ. ವಿಂಡೋಸ್ 10ರ 2019ರ ಆವೃತ್ತಿಯಿಂದ ಇಂಗ್ಲಿಷ್ ಉಚ್ಚಾರದಂತೆ ಒತ್ತಿ ಕನ್ನಡ ಬರೆಯುವ ‘ಕನ್ನಡ ಫೊನೆಟಿಕ್’ ಕೀಲಿಮಣೆ ಜೊತೆಗೇ ಬರುತ್ತದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಟ್ಯಾಗ್ ಬರೆಯುವಾಗ ಇಂಗ್ಲಿಷಿಗೆ ಮರಳುವುದನ್ನು ಮರೆಯುವುದೇ ಮೊದಲ ದಿನಗಳ ಸಾಮಾನ್ಯ ತಪ್ಪು. ಇನ್ನೊಂದು, ಅಳತೆಯನ್ನು ಕನ್ನಡ ಅಂಕಿಯಲ್ಲಿ ಬರೆಯುವುದು: ೧೬ ಪಿಕ್ಸೆಲ್ ಎಂದರೆ ಸಿಎಸ್‌ಎಸ್‌ಗೆ ಅರ್ಥವಾಗದು, 16 ಎಂದೇ ಇರಬೇಕು. ಹಳೆಯ ಡಿಟಿಪಿ ಫೈಲುಗಳಿಂದ ಪಠ್ಯ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಹಳೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಒಪ್ಪಿದ ಏಕರೂಪ ಸಂಕೇತ ಪದ್ಧತಿ) ಅಲ್ಲ. ಅದನ್ನು ಎಡಿಟರಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಫಾಂಟ್ ಬದಲಿಸಿ ಸರಿಮಾಡಲು ಹೋಗಬೇಡಿ. ಪರಿವರ್ತಕದ ಮೂಲಕ ಯೂನಿಕೋಡ್ ಮಾಡಿಯೇ ಅಂಟಿಸಬೇಕು.

ಸಿಎಸ್‌ಎಸ್ ಕಲಿಸುವ ಉದಾಹರಣೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಂಗಿ. ಕನ್ನಡಕ್ಕೆ ಹಾಗೇ ತೊಡಿಸಿದರೆ ಒತ್ತಕ್ಷರದ ಬಳಿ ಹರಿಯುತ್ತದೆ. ಒಂದು ಬಟನ್ ಮಾಡಿ, ಅದರ ಮೇಲೆ ‘ಶಿವಮೊಗ್ಗ’ ಎಂದು ಬರೆದು ನೋಡಿ. ಇಂಗ್ಲಿಷ್ ಪಾಠದಲ್ಲಿ ಹೇಳಿದಂತೆ ಸಾಲಿನ ಎತ್ತರ 1 ಎಂದು ಕೊಟ್ಟು, ಪೆಟ್ಟಿಗೆಯ ಎತ್ತರವನ್ನೂ ಅಕ್ಷರದಷ್ಟಕ್ಕೇ ಕಟ್ಟಿ, ‘ಓವರ್‌ಫ್ಲೋ ಹಿಡನ್’ (ಪೆಟ್ಟಿಗೆ ದಾಟಿದ್ದನ್ನು ಮರೆಮಾಡು) ಹಾಕಿದರೆ ಗಕಾರದ ಕೆಳಗಿನ ಒತ್ತು ಕತ್ತರಿಸಿಹೋಗಿ ‘ಶಿವಮೊಗ’ ಎಂದು ಓದಿಸಿಕೊಳ್ಳುತ್ತದೆ. ‘ಹಿಡನ್’ ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಇನ್ನೂ ಹೆಚ್ಚು. ಬಟನ್ನಿಗೆ ಎತ್ತರ ಕೊಡಲೇಬೇಡಿ, ಮೇಲೆ ಕೆಳಗೆ 10 ಪಿಕ್ಸೆಲ್ ‘ಪ್ಯಾಡಿಂಗ್’ (ಒಳಂಚಿನ ಖಾಲಿ ಜಾಗ) ಕೊಡಿ. ಅಕ್ಷರ ಬೆಳೆದಷ್ಟೂ ಪೆಟ್ಟಿಗೆ ಬೆಳೆಯುತ್ತದೆ. ಪ್ಯಾರಾಗಳಿಗೆ ಸಾಲಿನ ಎತ್ತರ 1.7ರ ಸುತ್ತ, ಅಕ್ಷರ 17 ಅಥವಾ 18 ಪಿಕ್ಸೆಲ್ ಇಟ್ಟರೆ ಮನೆಯ ಹಿರಿಯರೂ ಕನ್ನಡಕ ಹುಡುಕದೆ ಓದಬಹುದು. ಅಕ್ಷರಗಳ ನಡುವೆ ಅಂತರ ಕೊಡುವ ‘ಲೆಟರ್ ಸ್ಪೇಸಿಂಗ್’ ಕನ್ನಡಕ್ಕೆ ಬೇಡ, ಪದ ಒಡೆದಂತೆ ಕಾಣುತ್ತದೆ. ವಿಭಕ್ತಿ, ಸಂಧಿ ಸೇರಿ ಉದ್ದವಾದ ನಮ್ಮ ಪದಗಳು ಮೊಬೈಲಿನ ಅಂಚು ದಾಟಿ ಹೊರಬೀಳುತ್ತವೆ. ತಲೆಬರಹಗಳಿಗೆ ‘ಓವರ್‌ಫ್ಲೋ ರ‍್ಯಾಪ್’ನಲ್ಲಿ ‘ಬ್ರೇಕ್ ವರ್ಡ್’ ಕೊಟ್ಟಿಟ್ಟರೆ ಪುಟ ಅಡ್ಡಡ್ಡ ಜಾರುವುದು ತಪ್ಪುತ್ತದೆ.

ಫಾಂಟಿಗೆ ಗೂಗಲ್ ಫಾಂಟ್ಸ್‌ನ ನೋಟೊ ಸಾನ್ಸ್ ಕನ್ನಡ, ಅನೆಕ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ 2 ಚೆನ್ನಾಗಿವೆ. ಎಲ್ಲರೂ ತೋರಿಸುವ ಕ್ರಮವೆಂದರೆ ಗೂಗಲ್‌ನ ಲಿಂಕನ್ನು ಪುಟಕ್ಕೆ ಅಂಟಿಸುವುದು. ನೆಟ್ ಹೋದ ದಿನ ಆ ಫಾಂಟು ಬರುವುದಿಲ್ಲ, ಪುಟದ ಅಳತೆಗಳೆಲ್ಲ ಬದಲಾದಂತೆ ಕಾಣುತ್ತದೆ. ಫಾಂಟ್ ಫೈಲನ್ನೇ ಇಳಿಸಿ ನಿಮ್ಮ ಫೋಲ್ಡರಿನೊಳಗೆ ಇಟ್ಟು ‘ಫಾಂಟ್ ಫೇಸ್’ ನಿಯಮದಿಂದ ಜೋಡಿಸಿ. ಈ ಫಾಂಟುಗಳ ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ. ತೆಳು, ದಪ್ಪ ಎಂದು ಆರೇಳು ಬಗೆ ಬೇಡ, ಸಾಮಾನ್ಯ ಮತ್ತು ದಪ್ಪ ಎರಡೇ ಸಾಕು.

ಇನ್ನು ಕರೆಂಟಿನ ಮಾತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಎರಡೂ ಗುಡುಗಿನ ಸಂಜೆ ಒಂದೇ. ವಿಎಸ್ ಕೋಡ್ ಇಲ್ಲಿ ಗಟ್ಟಿಯಾಗಿದೆ. ಸೇವ್ ಮಾಡದ ಬರಹದ ಪ್ರತಿಯೊಂದನ್ನು ಅದು ತನ್ನದೇ ಜಾಗದಲ್ಲಿ ಆಗಾಗ ಇಟ್ಟುಕೊಳ್ಳುತ್ತದೆ. ಕರೆಂಟು ಬಂದು ಮತ್ತೆ ತೆರೆದಾಗ ಹೆಚ್ಚಿನ ಸಲ ಬಿಟ್ಟ ಸಾಲಿನಲ್ಲೇ ಸಿಗುತ್ತದೆ. ಸೇವ್ ಆಗುತ್ತಿರುವ ಕ್ಷಣದಲ್ಲೇ ಹೋದರೆ ಫೈಲು ಖಾಲಿಯಾಗುವ, ಕೆಡುವ ಸಾಧ್ಯತೆ ಇದ್ದೇ ಇದೆ. ಆಗ ಎಡಗಡೆ ಫೈಲುಗಳ ಪಟ್ಟಿಯ ಕೆಳಗಿರುವ ‘ಟೈಮ್‌ಲೈನ್’ ತೆರೆಯಿರಿ. 2022ರಿಂದ ಪ್ರತಿ ಸೇವ್‌ನ ಹಳೆಯ ಪ್ರತಿಗಳು ಅಲ್ಲಿ ಉಳಿಯುತ್ತವೆ, ಒಂದು ಫೈಲಿಗೆ 50ರವರೆಗೆ. ಬೇಕಾದ ಹೊತ್ತಿನದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್’ ಕೊಟ್ಟರೆ ಆಯಿತು. ನೋಟ್‌ಪ್ಯಾಡಿನಲ್ಲಿ ಕಲಿಯುತ್ತೇನೆ ಎನ್ನುವವರಿಗೆ ಹಳೆಯ ಪ್ರತಿಗಳ ಇಂಥ ಆಸರೆ ಇಲ್ಲ. ಸಾಲದ್ದಕ್ಕೆ ಅದು ಫೈಲಿನ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಸಿ ಪುಟವೇ ತೆರೆಯದಂತೆ ಮಾಡುವುದೂ ಉಂಟು.

ಆಟೊ ಸೇವ್ ಬೇಕೆ? ‘ಆನ್ ಫೋಕಸ್ ಚೇಂಜ್’ ಎಂಬ ಬಗೆಯನ್ನು ಆರಿಸಿ. ಎಡಿಟರ್ ಬಿಟ್ಟು ಬ್ರೌಸರಿಗೆ ಹೋದ ಕ್ಷಣ ಸೇವ್ ಆಗುತ್ತದೆ. ಸಮಯ ನೋಡಿ ಸೇವ್ ಮಾಡುವ ಇನ್ನೊಂದು ಬಗೆ, ಲೈವ್ ಸರ್ವರ್ ಜೊತೆ ಸೇರಿದರೆ ಅರ್ಧ ಬರೆದ ಟ್ಯಾಗಿಗೂ ಪುಟ ಮರುಲೋಡ್ ಆಗಿ ಕಣ್ಣು ಕುಕ್ಕುತ್ತದೆ.

ಲೈವ್ ಸರ್ವರ್ ಎಂಬುದು ವಿಎಸ್ ಕೋಡಿಗೆ ಸೇರಿಸಿಕೊಳ್ಳಲು ರಿತ್ವಿಕ್ ಡೇ ಮಾಡಿದ ಎಕ್ಸ್‌ಟೆನ್ಷನ್. ಹಾಕಿಕೊಳ್ಳಲು ಮಾತ್ರ ಒಮ್ಮೆ ನೆಟ್ ಬೇಕು. ಕೆಳಗೆ ಬಲಗಡೆ ಬರುವ ‘ಗೋ ಲೈವ್’ ಒತ್ತಿದರೆ ಪುಟ ಬ್ರೌಸರಿನಲ್ಲಿ 5500ನೇ ಪೋರ್ಟ್‌ನಲ್ಲಿ ತೆರೆದು, ಸೇವ್ ಮಾಡಿದಾಗಲೆಲ್ಲ ತಾನೇ ಹೊಸದಾಗುತ್ತದೆ. ಮಲೆನಾಡಿನಲ್ಲಿ ಇದರ ಇನ್ನೊಂದು ಉಪಯೋಗ ದೊಡ್ಡದು. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಜೋಡಿಸಿ, ಲೈವ್ ಸರ್ವರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಯೂಸ್ ಲೋಕಲ್ ಐಪಿ’ಗೆ ಟಿಕ್ ಹಾಕಿ, ಬ್ರೌಸರಿನ ಮೇಲ್ಪಟ್ಟಿಯಲ್ಲಿ ಕಾಣುವ ಅದೇ ವಿಳಾಸವನ್ನು ಫೋನಿನಲ್ಲಿ ತೆರೆಯಿರಿ. ನಿಮ್ಮ ಪುಟ ಫೋನಿನ ಪರದೆಯಲ್ಲಿ ನಿಜವಾಗಿ ಹೇಗೆ ಕಾಣುತ್ತದೆಂದು ಅಲ್ಲೇ ತಿಳಿಯುತ್ತದೆ. ಇವೆರಡರ ನಡುವಿನ ಮಾತಿಗೆ ಟವರ್ ಬೇಡ, ಡೇಟಾ ಖರ್ಚಾಗದು. ತೆರೆಯದಿದ್ದರೆ ಹೆಚ್ಚಾಗಿ ಕಾರಣ ವಿಂಡೋಸ್ ಫೈರ್‌ವಾಲ್: ಹಾಟ್‌ಸ್ಪಾಟನ್ನು ಅದು ‘ಪಬ್ಲಿಕ್’ ನೆಟ್‌ವರ್ಕ್ ಎಂದು ಎಣಿಸಿ ಬಾಗಿಲು ಹಾಕಿರುತ್ತದೆ. ನಿಮ್ಮದೇ ಫೋನಾದ್ದರಿಂದ ‘ಪ್ರೈವೇಟ್’ ಎಂದು ಬದಲಿಸಬಹುದು.

ಈಗಿನ ಆವೃತ್ತಿಗಳಲ್ಲಿ ಬಲಗಡೆ ಎಐ ಚಾಟ್ ಕಿಟಕಿ ಎದ್ದು ಕಾಣುತ್ತದೆ, ಸಾಲು ಮುಗಿಸಿಕೊಡಲು ಕೋಪೈಲಟ್ ಎಂಬ ಎಐ ಸಹಾಯಕ ಕಾಯುತ್ತಿರುತ್ತದೆ. ಮೊದಲ ಎರಡು ಮೂರು ತಿಂಗಳು ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಬಿಡಿ. ಅದಕ್ಕೆ ನೆಟ್ ಬೇಕು. ಅದು ಕೊಟ್ಟ ಇಪ್ಪತ್ತು ಸಾಲಿನಲ್ಲಿ ತಪ್ಪಿದ್ದರೆ ಹಿಡಿಯುವ ಕಣ್ಣು ಇನ್ನೂ ಬಂದಿರುವುದಿಲ್ಲ. ಮೆನುಗಳಿಗೆ ಕನ್ನಡ ಭಾಷಾ ಪ್ಯಾಕ್ ಇಲ್ಲ ಎಂಬುದು ಇನ್ನೊಂದು ಬೇಸರ. ಇಂಗ್ಲಿಷ್ ಮೆನುವಿಗೇ ಹೊಂದಿಕೊಳ್ಳಬೇಕು.

ಪುಟ ಸಿದ್ಧವಾದ ಮೇಲೆ ಊರಿಗೆಲ್ಲ ತೋರಿಸಲು, ಪುಟಗಳನ್ನು ಪುಕ್ಕಟೆ ನೆಟ್ಟಿಗೆ ಏರಿಸುವ ಸೇವೆಯಾದ ಗಿಟ್‌ಹಬ್ ಪೇಜಸ್ ಸಾಕು. ಉಚಿತ ಖಾತೆ ತೆರೆದು, ‘ಪಬ್ಲಿಕ್’ ರೆಪೊಸಿಟರಿ (ಎಲ್ಲರಿಗೂ ಕಾಣುವ ಫೈಲುಗಳ ಕಣಜ) ಮಾಡಿ, ಫೈಲುಗಳನ್ನು ಬ್ರೌಸರಿನಿಂದಲೇ ಎಳೆದು ಹಾಕಬಹುದು. ಒಂದು ಫೈಲು 25 ಎಂಬಿ ದಾಟಬಾರದು. ಆಮೇಲೆ ‘ಸೆಟ್ಟಿಂಗ್ಸ್’, ‘ಪೇಜಸ್’, ಅಲ್ಲಿ ‘ಮೇನ್’ ಬ್ರಾಂಚ್, ‘ರೂಟ್’ ಆರಿಸಿ ಸೇವ್. ಪುಟ ಏಳಲು ಹತ್ತು ನಿಮಿಷದವರೆಗೂ ಹಿಡಿಯಬಹುದು, ಅಷ್ಟರಲ್ಲಿ ಹತ್ತು ಸಲ ಅಳಿಸಿ ಹಾಕಬೇಡಿ. 404 ಬಂದರೆ ಇಂಡೆಕ್ಸ್ ಫೈಲು ಒಳಗಿನ ಫೋಲ್ಡರಿನಲ್ಲಿ ಸೇರಿಕೊಂಡಿದೆಯೇ, ಹೆಸರಿನ ಮೊದಲಕ್ಷರ ದೊಡ್ಡದಾಗಿದೆಯೇ ನೋಡಿ.

ಚಿತ್ರ ಮಾತ್ರ ಬಾರದಿದ್ದರೆ ಹೆಸರಿನದೇ ಕಿತಾಪತಿ. ಮೊಬೈಲಿನಿಂದ ಬಂದ ಜೋಗದ ಫೋಟೊದ ಹೆಸರಿನ ಕೊನೆ ದೊಡ್ಡಕ್ಷರದ ಜೆಪಿಜಿ, ಕೋಡಿನಲ್ಲಿ ನೀವು ಬರೆದದ್ದು ಸಣ್ಣಕ್ಷರದ್ದು. ವಿಂಡೋಸ್ ಎರಡನ್ನೂ ಒಂದೇ ಎಂದು ಒಪ್ಪುತ್ತದೆ, ಗಿಟ್‌ಹಬ್ ಒಪ್ಪುವುದಿಲ್ಲ. ಹೆಸರಿನಲ್ಲಿ ಖಾಲಿ ಜಾಗ ಬೇಡ, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರವಿರಲಿ. ‘ಸಿ’ ಡ್ರೈವಿನಿಂದ ಶುರುವಾಗುವ ದಾರಿ (ಕೋಡಿನಲ್ಲಿ ಬರೆಯುವ ಫೈಲಿನ ವಿಳಾಸ) ನಿಮ್ಮ ಮೆಷಿನ್ನಿನಲ್ಲಷ್ಟೇ ನಡೆಯುತ್ತದೆ. ಓರೆಗೆರೆಯಿಂದ (/) ಶುರುವಾಗುವ ದಾರಿಯೂ ಇಲ್ಲಿ ತಪ್ಪುತ್ತದೆ, ಏಕೆಂದರೆ ಪುಟವಿರುವುದು ರೆಪೊಸಿಟರಿಯ ಹೆಸರಿನ ಕೆಳಗೆ. ಫೋಟೊ 4-5 ಎಂಬಿ ಇದ್ದರೆ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಗುಣಮಟ್ಟ ಸ್ವಲ್ಪ ತಗ್ಗಿಸಿ 200 ಕೆಬಿ ಆಸುಪಾಸಿಗೆ ತನ್ನಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಒಂದೊಂದು ಫೋಟೊ ಹಾಗೇ ಹಾಕಿದರೆ 20 ಎಂಬಿ ಪುಟವಾಗುತ್ತದೆ, ಆಗುಂಬೆಯ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದವರಿಗೆ ಅದು ತೆರೆಯುವುದೇ ಇಲ್ಲ.

ಪಬ್ಲಿಕ್ ರೆಪೊಸಿಟರಿಯ ಪ್ರತಿ ಫೈಲೂ ಯಾರ ಕಣ್ಣಿಗಾದರೂ ಬೀಳುತ್ತದೆ. ಪಾಸ್‌ವರ್ಡ್, ಆಧಾರ್ ಪ್ರತಿ, ಬ್ಯಾಂಕ್ ವಿವರ ಅಲ್ಲಿ ಇಡಲೇಬಾರದು. ಅಳಿಸಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿಯುತ್ತದೆ. ಹೋಂಸ್ಟೇ ಬುಕಿಂಗ್, ಜೇನು, ಕಾಳುಮೆಣಸಿನ ಮಾರಾಟದ ಸೈಟನ್ನು ಇಲ್ಲೇ ಪುಕ್ಕಟೆ ನಡೆಸೋಣ ಎಂದುಕೊಳ್ಳುವವರು ನಿಯಮ ಓದಬೇಕು: ಆನ್‌ಲೈನ್ ವ್ಯಾಪಾರ ನಡೆಸಲು ಗಿಟ್‌ಹಬ್ ಪೇಜಸ್ ಬಳಸುವಂತಿಲ್ಲ. ಅಂಥ ಸೈಟಿಗೆ ಸ್ವಂತ ಡೊಮೇನ್, ಹಣ ಕೊಟ್ಟು ಪಡೆದ ಹೋಸ್ಟಿಂಗ್ ಬೇಕು. ಚಿತ್ರ, ಫಾಂಟ್, ಸಿಎಸ್‌ಎಸ್ ಎಲ್ಲದರ ದಾರಿಯನ್ನೂ ಇದೇ ಫೋಲ್ಡರಿನಿಂದ ಅಳೆದು ಬರೆದಿದ್ದರೆ ಇಡೀ ಫೋಲ್ಡರನ್ನು ಹಾಗೇ ಅಲ್ಲಿಗೆ ಏರಿಸಬಹುದು, ಕೋಡಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಿಲ್ಲ.